ಹೆಮ್15 ಯೀಸ್ಟ್ ಕೆಂಪಗೆ ಹೊಳೆಯೋದು ನಿಂತಿದೆ, ಯಾಕೆ?

ಹುದುಗು: ತಲೆ ಕೆಟ್ಟು ಹೋಗಿದೆ. ಹೀಮ್ (ಕಬ್ಬಿಣ ಕೂತಿರುವ ಅಣು) ತಯಾರಿಗೆ ಬೇಕಾದ ಹೆಮ್15 ಜೀನ್ ಕೆಟ್ಟಿರುವ ತಳಿ ಇದು. 405 ನ್ಯಾನೋಮೀಟರ್ ಟಾರ್ಚ್ ಹಿಡಿದರೆ ಕಾಲೊನಿಗಳು ಕೆಂಡದ ಹಾಗೆ ಹೊಳೆಯುತ್ತಿದ್ದವು. ಈಗ ಏನೂ ಇಲ್ಲ. ಬೆಳವಣಿಗೆ ಮಾತ್ರ ಮೊದಲಿಗಿಂತ ಜೋರು. ಬೆಳೆಸುವ ಮೀಡಿಯಾ ಅದೇ, ಅದೇ ಟಾರ್ಚ್, ಏನೂ ಬದಲಾಗಿಲ್ಲ.

ತಟ್ಟೆಗಾರ: ಮೀಡಿಯಾದಲ್ಲಿ ಅಡಿನೈನ್ ಅನ್ನೋ ಪೋಷಕಾಂಶ ಜಾಸ್ತಿ ಆಗಿದೆ, ಅಷ್ಟೇ. ಕಡಿಮೆ ಹಾಕಿ, ಕೆಂಪು ಬರುತ್ತದೆ.

ಬೂದುಗಾಜು: ಅದು ಅಡಿನೈನ್ ತಯಾರಿಸುವ ಎಡಿಇ2 ಜೀನ್ ಕೆಟ್ಟ ತಳಿಯ ಕಥೆ ಸಾರ್. ಆ ಕೆಂಪು ಜೀವಕೋಶದೊಳಗಿನ ಚೀಲ, ಅಂದರೆ ವ್ಯಾಕ್ಯೂಲ್‌ನಲ್ಲಿ ಸೇರುತ್ತದೆ, ಟಾರ್ಚ್ ಇಲ್ಲದೆ ಬರಿಗಣ್ಣಿಗೇ ಕಾಣುತ್ತದೆ. ಇಲ್ಲಿರುವುದು ಪ್ರೋಟೋಪಾರ್ಫಿರಿನ್, ಹೀಮ್ ಆಗುವ ಮುಂಚಿನ ಅಣು. ಹೀಮ್ ತಯಾರಿಯ ಕೊನೆಯಲ್ಲಿ ಅದರೊಳಗೆ ಕಬ್ಬಿಣ ಕೂರಿಸುವ ಕೆಲಸ ಹೆಮ್15 ಜೀನ್ ತಯಾರಿಸುವ ಕಿಣ್ವ ಫೆರೋಕೆಲಟೇಸ್‌ದು. ಅದು ಕುಂಟಿದರೆ ಪ್ರೋಟೋಪಾರ್ಫಿರಿನ್ ಜೀವಕೋಶದಲ್ಲೇ ಗುಡ್ಡೆ ಬೀಳುತ್ತದೆ, 635 ನ್ಯಾನೋಮೀಟರ್ ಆಸುಪಾಸು ಕೆಂಪಗೆ ಹೊಳೆಯುತ್ತದೆ.

ತಟ್ಟೆಗಾರ: ಇರಲಿ, ಅಡಿನೈನ್ ಒಂದ್ಸಲ ಕಡಿಮೆ ಮಾಡಿ ನೋಡೋಕೆ ಏನು ಕಷ್ಟ?

ಬೂದುಗಾಜು: ಹುದುಗು, ಪ್ಲೇಟ್ ಎಲ್ಲಿಡುತ್ತೀರಿ?

ಹುದುಗು: ಇನ್ಕ್ಯುಬೇಟರ್‌ನಲ್ಲಿ ಜಾಗ ಇಲ್ಲ, ಅದಕ್ಕೆ ಮೇಜಿನ ಮೇಲೆ, ಬಿಳಿ ಎಲ್‌ಇಡಿ ಕೆಳಗೆ. ಅದಕ್ಕೂ ಇದಕ್ಕೂ ಏನು ಸಂಬಂಧ? ಪ್ರತಿ ಸಲ ಚೆನ್ನಾಗಿ ಬೆಳೆದ ದೊಡ್ಡ ಕಾಲೊನಿಯನ್ನೇ ಹೊಸ ಪ್ಲೇಟ್‌ಗೆ ಗೆರೆ ಎಳೆದು ಹಚ್ಚುತ್ತೇನೆ (ಸ್ಟ್ರೀಕ್).

ಬೂದುಗಾಜು: ಏನೂ ಬದಲಾಗಿಲ್ಲ ಅಂದ್ರಲ್ಲ! ಬೆಳಕು ಬಿದ್ದರೆ ಈ ಪಾರ್ಫಿರಿನ್ ಆಕ್ಸಿಜನ್ನನ್ನು ಕೆರಳಿಸುತ್ತದೆ. ಬಣ್ಣವೂ ಮಾಸುತ್ತದೆ, ಜೀವಕೋಶವೂ ಸಾಯುತ್ತದೆ. ಜಾಸ್ತಿ ಕೂಡಿಟ್ಟುಕೊಂಡವು ಮೊದಲು ಹೋಗುತ್ತವೆ, ಹೇಗೋ ಕಡಿಮೆ ಮಾಡಿಕೊಂಡವು ದೊಡ್ಡ ಕಾಲೊನಿ ಆಗುತ್ತವೆ, ನೀವು ಅವನ್ನೇ ಹುಡುಕಿ ಹುಡುಕಿ ಸಾಕುತ್ತಿದ್ದೀರಿ ಅನ್ನಿಸುತ್ತದೆ. ಫ್ರೀಜರ್‌ನ ಹಳೇ ಸ್ಟಾಕ್ ಮತ್ತು ಈಗಿನದು, ಎರಡನ್ನೂ ಫಾಯಿಲ್ ಸುತ್ತಿ ಅಕ್ಕಪಕ್ಕ ಬೆಳೆಸಿ. ಹಳೆಯದು ಮಾತ್ರ ಹೊಳೆದರೆ ತಳಿಯೇ ಬದಲಾಗಿದೆ. ಎರಡೂ ಹೊಳೆದರೆ ಸುಮ್ನೆ ಬೆಳಕಿಗೆ ಮಾಸಿತ್ತು ಅಷ್ಟೇ. ಟಾರ್ಚನ್ನೂ ಹಿಡಿದುಕೊಂಡೇ ಕೂರಬೇಡಿ, ಅದೂ ಮಾಸಿಸುತ್ತದೆ.

ಕಪ್ಪುಡಬ್ಬ: ಫಿಲ್ಟರ್ ಇಲ್ಲದೆ ನೋಡಿದರೆ ಯಾವುದನ್ನೂ ನಂಬಬೇಡಿ. ನನ್ನ ಹತ್ತಿರ 600 ನ್ಯಾನೋಮೀಟರ್‌ಗಿಂತ ಉದ್ದದ ಬೆಳಕನ್ನಷ್ಟೇ ಬಿಡುವ ಲಾಂಗ್‌ಪಾಸ್, ಒಳಗಿನ ಐಆರ್ (ಅವಕೆಂಪು ತಡೆಯುವ) ಫಿಲ್ಟರ್ ಕಿತ್ತ ಹಳೇ ಡಿಎಸ್‌ಎಲ್‌ಆರ್, ಒಳಗೆಲ್ಲ ಕಪ್ಪು ಬಳಿದ ಡಬ್ಬ ಇದೆ. ಫೋಟೋ ಹಾಕಲಾ?

ತಟ್ಟೆಗಾರ: 635ಕ್ಕೆ ಐಆರ್ ಫಿಲ್ಟರ್ ಯಾಕೆ ಕೀಳಬೇಕು?

ಕಪ್ಪುಡಬ್ಬ: 705ರ ಹತ್ತಿರ ಇನ್ನೊಂದು ಚಿಕ್ಕ ಶಿಖರ ಇದೆ ಮಹರಾಯ, ಅದನ್ನು ಆ ಐಆರ್ ಫಿಲ್ಟರ್ ನುಂಗಿಬಿಡುತ್ತದೆ.

ಹುದುಗು: ಫ್ರೀಜರ್ ಸ್ಟಾಕ್ ಟ್ಯೂಬ್ ಖಾಲಿ ಇದೆ. ಯಾರ ಹತ್ತಿರವಾದರೂ ಹೆಮ್15 ಇದೆಯಾ?

ಕಪ್ಪುಡಬ್ಬ: ಇಲ್ಲ. ಡಬ್ಬದ ಫೋಟೋ ಹಾಕಿದ್ದೇನೆ ನೋಡಿ.