ಮಾನಿಟರ್ ಬದಲಾಯಿಸಿದ ಮೇಲೆ ಸೌಂಡೇ ಇಲ್ಲ, ಮದರ್‌ಬೋರ್ಡ್ ಹೋಯ್ತಾ?

ಪ್ರಶ್ನೆ (ಮಲ್ಪೆಯಿಂದ):
ನಮಸ್ಕಾರ ಸರ್. ಮನೆಯಲ್ಲಿ ವಿಂಡೋಸ್ 10 ಇರುವ ಹಳೇ ಡೆಸ್ಕ್‌ಟಾಪ್ ಉಂಟು. ಹೋದ ವಾರ ಮಾನಿಟರ್ ಹಾಳಾಗಿ ಹೊಸದು ತಂದು ಹಾಕಿದೆವು. ಅವತ್ತಿನಿಂದ ಸ್ಪೀಕರ್‌ನಲ್ಲಿ ಒಂದು ಚೂರೂ ಶಬ್ದ ಇಲ್ಲ, ಲೈಟ್ ಮಾತ್ರ ಉರಿಯುತ್ತದೆ. ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ, 6,500 ಆಗ್ತದೆ ಅಂದರು. ಅಪ್ಪ ದಿನಾ ರಾತ್ರಿ ಹಳೇ ಯಕ್ಷಗಾನದ ರೆಕಾರ್ಡಿಂಗ್ ಕೇಳುವವರು, ಒಂದು ವಾರದಿಂದ ಸುಮ್ನೆ ಕೂತಿದ್ದಾರೆ. ಏನು ಮಾಡಲಿ?

ಉತ್ತರ:
ಈಗಲೇ ದುಡ್ಡು ಕೊಡಬೇಡಿ ಮಾರಾಯ್ರೆ. ಹಳೇ ಮಾನಿಟರಿಗೆ ಎರಡು ಸ್ಕ್ರೂ ತಿರುಗಿಸಿ ಹಾಕುವ ನೀಲಿ ತುದಿಯ ವಿಜಿಎ ಕೇಬಲ್ ಇತ್ತಾ? ಹೊಸದಕ್ಕೆ ಎಚ್‌ಡಿಎಂಐ ಹಾಕಿದ್ದೀರಾ? ಹಾಗಿದ್ದರೆ ವಿಷಯ ಅಲ್ಲೇ ಉಂಟು. ವಿಜಿಎಯಲ್ಲಿ ಚಿತ್ರ ಮಾತ್ರ ಹೋಗುತ್ತದೆ. ಎಚ್‌ಡಿಎಂಐಯಲ್ಲಿ ಚಿತ್ರ, ಸೌಂಡ್ ಎರಡೂ ಹೋಗುತ್ತವೆ. ವಿಂಡೋಸ್ ಹೊಸ ಮಾನಿಟರನ್ನೇ ಒಂದು ಸ್ಪೀಕರ್ ಅಂದುಕೊಂಡು ಸೌಂಡನ್ನು ಅಲ್ಲಿಗೆ ಕಳಿಸುತ್ತಿರಬಹುದು. ಸುಮಾರು ಮಾನಿಟರ್‌ಗಳ ಒಳಗೆ ಸ್ಪೀಕರೇ ಇರುವುದಿಲ್ಲ, ಅಲ್ವಾ?

ಯಕ್ಷಗಾನದ ಒಂದು ಪದ (ಹಾಡು) ಹಾಕಿ ಬಿಡಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸೌಂಡ್ ತೆರೆದು ಪ್ಲೇಬ್ಯಾಕ್ ಪಟ್ಟಿ ನೋಡಿ. ಯಾವುದರ ಪಕ್ಕ ಹಸಿರು ಗೀಟು ಮೇಲೆ ಕೆಳಗೆ ಕುಣಿಯುತ್ತದೋ ಸೌಂಡ್ ಅಲ್ಲಿಗೆ ಹೋಗುತ್ತಿದೆ. ಮಾನಿಟರ್ ಹೆಸರಿನ ಪಕ್ಕ ಕುಣಿದರೆ, ಸ್ಪೀಕರ್ಸ್ ರಿಯಲ್‌ಟೆಕ್ ಅಂತ ಇರುವುದನ್ನು ಆರಿಸಿ ಡೀಫಾಲ್ಟ್ ಮಾಡಿ. ಸ್ಪೀಕರ್ಸ್ ಪಕ್ಕದಲ್ಲೇ ಕುಣಿದೂ ಶಬ್ದ ಇಲ್ಲದಿದ್ದರೆ ತೊಂದರೆ ಹೆಚ್ಚಾಗಿ ವೈರಿನಲ್ಲಿ. ಪಿನ್ನು ಹಿಂದಿನ ಹಸಿರು ತೂತಿನಲ್ಲೇ ಇದೆಯಾ ನೋಡಿ, ಗುಲಾಬಿ ಬಣ್ಣದ್ದು ಮೈಕಿಗೆ. ಎಲ್ಲಿಯೂ ಕುಣಿಯದಿದ್ದರೆ ಮಾತ್ರ ಡ್ರೈವರ್ (ಸೌಂಡ್ ನಡೆಸುವ ಸಾಫ್ಟ್‌ವೇರ್) ಬಗ್ಗೆ ಯೋಚನೆ ಮಾಡುವ.

ಮಲ್ಪೆ:
ಬಂತು ಸರ್! ಗೀಟು ಮಾನಿಟರ್ ಪಕ್ಕದಲ್ಲೇ ಕುಣಿಯುತ್ತಿತ್ತು. ತುಂಬಾ ಉಪಕಾರ ಆಯ್ತು. ಆದರೆ ಇನ್ನೊಂದು ಉಂಟು. ರಾತ್ರಿ ಅಪ್ಪ ಮುಂದಿನ ತೂತಿಗೆ ಹೆಡ್‌ಫೋನ್ ಹಾಕಿದರೆ ಚೆಂಡೆ ಚೆನ್ನಾಗಿ ಕೇಳುತ್ತದೆ, ಭಾಗವತರ ಸ್ವರ ಮಾತ್ರ ಬಾವಿಯ ತಳದಿಂದ ಬಂದ ಹಾಗೆ. ರೆಕಾರ್ಡಿಂಗೇ ಹಾಳಾಯ್ತಾ?

ಉತ್ತರ:
ರೆಕಾರ್ಡಿಂಗ್ ಹಾಳಾಗಿಲ್ಲ, ಅಪ್ಪನಿಗೆ ಹೇಳಿ. ಹೆಡ್‌ಫೋನ್ ಪಿನ್ನು ಕೈಯಲ್ಲಿ ಹಿಡಿದು ನೋಡಿ. ಮೂರು ಭಾಗ, ನಡುವೆ ಎರಡು ಕಪ್ಪು ಉಂಗುರ. ತುದಿ ಎಡಕಿವಿಗೆ, ನಡುವಿನದು ಬಲಕಿವಿಗೆ, ಬುಡದ್ದು ಎರಡಕ್ಕೂ ಸೇರಿದ ಗ್ರೌಂಡ್, ಅಂದರೆ ಸಿಗ್ನಲ್ ವಾಪಸ್ ಹೋಗುವ ದಾರಿ. ಹಾಡುವವರ ಸ್ವರ ಸಾಮಾನ್ಯವಾಗಿ ಎರಡೂ ಕಿವಿಗೆ ಒಂದೇ ಸಮ ರೆಕಾರ್ಡ್ ಆಗಿರುತ್ತದೆ. ಬುಡದ ಸಂಪರ್ಕ ತಪ್ಪಿದರೆ ಎರಡೂ ಕಡೆ ಸಮ ಇರುವುದು ಒಂದನ್ನೊಂದು ಕಳೆದು ಹಾಕುತ್ತದೆ, ಎಡ ಬಲ ಬೇರೆ ಬೇರೆ ಇರುವುದು ಮಾತ್ರ ಉಳಿಯುತ್ತದೆ. ಹಾಗಾಗಿ ಭಾಗವತರು ಮಾಯ, ಒಂದು ಬದಿಗೆ ಇರುವ ಚೆಂಡೆ ಗಟ್ಟಿ.

ನಿಮ್ಮದು ಸಮುದ್ರದ ಬದಿಯ ಮನೆ. ಉಪ್ಪು ಗಾಳಿ, ಮಳೆಗಾಲದ ಥಂಡಿ. ನಾನು ಬಿಚ್ಚಿ ನೋಡಿದ ಇಂಥ ತೂತುಗಳ ಒಳಗಿನ ಪತ್ತಿ ಮೇಲೆ ಹಿತ್ತಾಳೆ ಚೊಂಬಿಗೆ ಹಿಡಿಯುವಂಥದ್ದೇ ಹಸಿರು ಕಿಲುಬು ಇರುತ್ತದೆ. ಮೊದಲು ಅದೇ ಹೆಡ್‌ಫೋನನ್ನು ಹಿಂದಿನ ಹಸಿರು ತೂತಿಗೆ ಹಾಕಿ ಕೇಳಿ. ಅಲ್ಲಿ ಸರಿ ಇದ್ದರೆ ಮುಂದಿನ ತೂತೇ ಕಾರಣ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಎಳೆದು, ಮೊಬೈಲ್ ರಿಪೇರಿಯವರ ಹತ್ತಿರ ಸಿಗುವ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ದ್ರಾವಣವನ್ನು ಪಿನ್ನಿಗೆ ಸ್ವಲ್ಪವೇ ಸವರಿ ಹತ್ತು ಸಲ ಹಾಕಿ ತೆಗೆಯಿರಿ, ತಿರುಗಿಸುತ್ತಾ. ಪೂರ್ತಿ ಒಣಗಿದ ಮೇಲೆ ಆನ್ ಮಾಡಿ. ತೆಂಗಿನೆಣ್ಣೆ ಬೇಡ, ಮರಳು ಕಾಗದವಂತೂ ಬೇಡವೇ ಬೇಡ.

ಇನ್ನೊಬ್ಬರು (ಸುರತ್ಕಲ್):
ಸರ್, ಇಲ್ಲೇ ಕೇಳುತ್ತೇನೆ. ಲ್ಯಾಪ್‌ಟಾಪನ್ನು ಮನೆಯ ಆಂಪ್ಲಿಫೈಯರಿಗೆ ಹಾಕಿದರೆ ಗುಂಯ್ ಅಂತ ಬರುತ್ತದೆ. ಚಾರ್ಜರ್ ತೆಗೆದರೆ ನಿಲ್ಲುತ್ತದೆ. ಪರಿಚಯದ ಒಬ್ಬರು ಚಾರ್ಜರಿನ ದಪ್ಪ ಪಿನ್ನು ತುಂಡು ಮಾಡಿ ಅಂದರು.

ಉತ್ತರ:
ದಯವಿಟ್ಟು ಮಾಡಬೇಡಿ. ಆ ದಪ್ಪ ಪಿನ್ನು ಅರ್ಥಿಂಗ್, ನಿಮ್ಮ ಜೀವ ಉಳಿಸಲು ಇರುವುದು. ಒಳಗೆ ಏನಾದರೂ ಕರೆಂಟ್ ಸೋರಿದರೆ ಹೋಗಲು ಅದೇ ದಾರಿ. ಅದು ಇಲ್ಲದಿದ್ದರೆ ದಾರಿ ನೀವೇ.

ಚಾರ್ಜರ್ ತೆಗೆದಾಗ ನಿಲ್ಲುವುದರಿಂದ ಇದು ಹೆಚ್ಚಾಗಿ ಗ್ರೌಂಡ್ ಲೂಪ್. ಲ್ಯಾಪ್‌ಟಾಪ್ ಒಂದು ಕಡೆಯಿಂದ, ಆಂಪ್ಲಿಫೈಯರ್ ಇನ್ನೊಂದು ಕಡೆಯಿಂದ ಅರ್ಥಿಗೆ ಸೇರಿ, ನಡುವೆ ಸೌಂಡ್ ವೈರ್ ಸುತ್ತು ಪೂರ್ತಿ ಮಾಡುತ್ತದೆ. ನಮ್ಮ ಕರೆಂಟಿನ 50 ಹರ್ಟ್ಸ್ ಅದರಲ್ಲಿ ನುಸುಳಿ ಗುಂಯ್ ಅನ್ನುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ ಸೌಂಡ್ ವೈರಿನ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಸಿಗುತ್ತದೆ, ಸಣ್ಣ ಡಬ್ಬಿ. ಮನೆಯ ಅರ್ಥಿಂಗ್ ಸರಿ ಉಂಟಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ನೋಡಿಸಿ. ಮತ್ತೆ, ಗುಡುಗು ಸಿಡಿಲು ಇರುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಎಳೆದಿಡಿ.

ಮಲ್ಪೆ:
ಸರ್, ಹಿಂದಿನ ತೂತಿನಲ್ಲಿ ಸರಿ ಕೇಳುತ್ತದೆ. ಐಪಿಎ ನಾಳೆ ತರುತ್ತೇನೆ. ಅಪ್ಪ ಈಗಲೇ ಕುರ್ಚಿಯನ್ನು ಸಿಪಿಯು ಹಿಂದೆ ಎಳೆದುಕೊಂಡು ಕೂತಿದ್ದಾರೆ, ವೈರ್ ಉದ್ದ ಸಾಲುವುದಿಲ್ಲ ನೋಡಿ.