ಸಿಮ್ಯುಲೇಶನ್‌ಗೆ ‘ಅಣಕು’ ಒಪ್ಪುತ್ತದೆಯೇ? ‘ಸಹಕಾರಿ ಉಪಗ್ರಹ’ ಅಂದರೆ ಯಾವುದು?

ಬಳಗದವರಿಗೆ ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಹಲವು ಉಪಗ್ರಹಗಳು ಜೊತೆಗೂಡಿ ಒಂದೇ ಕೆಲಸ ಮಾಡುವುದು, ಅಂಥ ಜಾಲವನ್ನು ನಿಜವಾಗಿ ಹಾರಿಸುವ ಮೊದಲು ಕಂಪ್ಯೂಟರ್‌ನಲ್ಲಿ ಹಾರಿಸಿ ನೋಡುವುದು, ಇಷ್ಟು ವಿಷಯ. ಸಿಮ್ಯುಲೇಶನ್, ಕೋಆಪರೇಟಿವ್ ಎಂಬ ಎರಡು ಪದಗಳ ಹತ್ತಿರ ಲೇಖನಿ ನಿಂತಿದೆ.

ಮೊದಲನೆಯದಕ್ಕೆ ಪತ್ರಿಕೆಗಳಲ್ಲಿ ‘ಅಣಕು’ ಓಡಾಡುತ್ತಿದೆ. ಅಣಕು ಕಾರ್ಯಾಚರಣೆ, ಅಣಕು ಪರೀಕ್ಷೆ, ಅಣಕು ಮತದಾನ. ಅಲ್ಲೆಲ್ಲ ಅದು ಸರಿಯೇ. ಏನು ಮಾಡಬೇಕು ಅಂತ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ, ಸುಮ್ನೆ ಒಂದು ಸಲ ಮಾಡಿ ತೋರಿಸುತ್ತಾರೆ. ಉಪಗ್ರಹದವರ ಸಿಮ್ಯುಲೇಶನ್ ಹಾಗಲ್ಲ. ಏನಾಗುತ್ತದೆ ಅಂತ ಗೊತ್ತಿಲ್ಲ, ಅದಕ್ಕೇ ಅದನ್ನು ಮಾಡುವುದು.

ಎರಡು ಉಪಗ್ರಹಗಳನ್ನು ಬಾಹ್ಯಾಕಾಶದಲ್ಲಿ ಕೂಡಿಸಿದ ಇಸ್ರೋ ಪ್ರಯೋಗ ಸ್ಪೇಡೆಕ್ಸ್ ನೆನಪಿರಬಹುದು. 2024ರ ಡಿಸೆಂಬರ್ 30ರಂದು ಶ್ರೀಹರಿಕೋಟಾದಿಂದ ಹೋದ ಜೋಡಿ, ಒಂದೊಂದೂ ಸುಮಾರು 220 ಕಿಲೋ. ಜನವರಿ 7ಕ್ಕೆ ಅವೆರಡೂ ಬಾಹ್ಯಾಕಾಶದಲ್ಲಿ ಕೂಡಬೇಕಿತ್ತು. ಹಿಂದಿನ ದಿನ ಇಸ್ರೋ 9ಕ್ಕೆ ಮುಂದೂಡಿತು. ಕೆಲಸವನ್ನು ಅರ್ಧಕ್ಕೇ ಕೈಬಿಡಬೇಕಾಗಬಹುದಾದ ಒಂದು ಸನ್ನಿವೇಶ ಕಣ್ಣಿಗೆ ಬಿದ್ದಿದೆ, ಗ್ರೌಂಡ್ ಸಿಮ್ಯುಲೇಶನ್ ಮಾಡಿ ಖಚಿತಪಡಿಸಿಕೊಳ್ಳಬೇಕು ಎಂಬುದು ಕಾರಣ. 9ಕ್ಕೂ ಆಗಲಿಲ್ಲ. ಎರಡರ ನಡುವಿನ ಅಂತರ 225 ಮೀಟರಿಗೆ ಇಳಿಸುವಾಗ ಅವು ಎಣಿಸಿದ್ದಕ್ಕಿಂತ ಜಾಸ್ತಿ ಸರಿದವು. 12ರಂದು 15 ಮೀಟರ್, ಆಮೇಲೆ 3 ಮೀಟರ್ ತನಕ ಹತ್ತಿರ ತಂದು ಮತ್ತೆ ದೂರ ಸರಿಸಿದರು. 16ರಂದು ಕೂಡಿದವು. ಎರಡೂ ಸೆಕೆಂಡಿಗೆ 7 ಕಿಲೋಮೀಟರಿಗಿಂತ ವೇಗವಾಗಿ ಓಡುತ್ತಿರುತ್ತವೆ. ಆದರೆ ಒಂದನ್ನೊಂದು ಮುಟ್ಟುವಾಗ ವೇಗ ಸೆಕೆಂಡಿಗೆ 10 ಮಿಲಿಮೀಟರ್ ಮಾತ್ರ ಇರಬೇಕು. ಉಪಗ್ರಹವನ್ನು ಸರಿಸುವ ಪುಟ್ಟ ಎಂಜಿನ್, ಅಂದರೆ ಥ್ರಸ್ಟರ್, ಸ್ವಲ್ಪ ಹೆಚ್ಚು ನೂಕಿದರೆ? ಸೆನ್ಸರ್ ಒಂದು ಕ್ಷಣ ಕುರುಡಾದರೆ? ಇಂಥದ್ದನ್ನೆಲ್ಲ ಬೇರೆ ಬೇರೆ ಅಂಕಿ ಕೊಟ್ಟು ಸಾವಿರಾರು ಸಲ ಓಡಿಸಿ ನೋಡುತ್ತಾರೆ. ಇದನ್ನು ‘ನೆಲದ ಅಣಕು’ ಅಂದರೆ ಯಾರಿಗೆ ಏನು ತಿಳಿದೀತು? ಅಣಕಕ್ಕೆ ಗೇಲಿಯ ವಾಸನೆ ಬೇರೆ ಇದೆ.

‘ತಾಲೀಮು’ ನನಗೆ ಇಷ್ಟ. ಆದರೆ ಅದು ಇನ್ನೊಂದು ಕೆಲಸಕ್ಕೆ. ಪೀಣ್ಯದ ಇಸ್‌ಟ್ರಾಕ್‌ನಂಥ ಇಸ್ರೋ ನಿಯಂತ್ರಣ ಕೇಂದ್ರಗಳಲ್ಲಿ ಪರದೆಗಳ ಮುಂದೆ ಕೂರುವವರು ಉಡಾವಣೆಗೆ ಮುಂಚೆ ಮಾಡುವ ಅಭ್ಯಾಸ ಖಂಡಿತ ತಾಲೀಮೇ. ಜಾಲದ ವಿನ್ಯಾಸ ಮಾಡುವಾಗ ಮಾತ್ರ ಇನ್ನೂ ತಾಲೀಮು ಮಾಡಲು ಏನೂ ಇರುವುದಿಲ್ಲ. ಎಷ್ಟು ಉಪಗ್ರಹ ಬೇಕು ಅನ್ನುವುದೇ ಪ್ರಶ್ನೆ. ಇರಿಡಿಯಂ ಎಂಬ ಉಪಗ್ರಹ ಫೋನ್ ಜಾಲಕ್ಕೆ ಮೊದಲು 77 ಅಂತ ಲೆಕ್ಕ ಹಾಕಿದ್ದರು, 77ನೇ ಧಾತುವಿನ ಹೆಸರನ್ನೇ ಇಟ್ಟರು. ವಿನ್ಯಾಸ ತಿದ್ದಿದ ಮೇಲೆ 66 ಸಾಕಾಯಿತು. ಹೆಸರು ಹಾಗೇ ಉಳಿಯಿತು. (66ನೇ ಧಾತು ಡಿಸ್ಪ್ರೋಸಿಯಂ. ಆ ಹೆಸರಿನ ಫೋನ್ ಯಾರು ಕೊಳ್ಳುತ್ತಿದ್ದರು?) ‘ಅನುಕರಣೆ’, ‘ಛದ್ಮ’ ಎರಡೂ ನನಗೆ ಬೇಡ. ಮೊದಲನೆಯದು ನಕಲು ಅನ್ನುತ್ತದೆ, ಎರಡನೆಯದು ಮೋಸ.

ಸದ್ಯಕ್ಕೆ ನಾನು ಹಿಡಿದಿರುವ ದಾರಿ ಇದು. ನಾಮಪದ ಬೇಕಾದ ಕಡೆ ಸಿಮ್ಯುಲೇಶನ್ ಎಂದೇ ಬಿಡುವುದು. ಉಳಿದ ಕಡೆ ಕ್ರಿಯಾಪದ ಸಾಕು. ತಿಂದು ನೋಡು, ಹಾಕಿ ನೋಡು ಅನ್ನುತ್ತೇವಲ್ಲ, ಹಾಗೆ ‘ಕಂಪ್ಯೂಟರ್‌ನಲ್ಲಿ ಹಾರಿಸಿ ನೋಡಿದರು’. ಮಕ್ಕಳಿಗೆ ಇದಕ್ಕಿಂತ ಸುಲಭ ಇನ್ನೊಂದು ಹೊಳೆಯಲಿಲ್ಲ.

ಎರಡನೆಯದು ಇನ್ನೂ ಕಷ್ಟ. ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಶುರುವಾದ ನಾಡು ನಮ್ಮದು. ‘ಸಹಕಾರಿ ಉಪಗ್ರಹ’ ಅಂದರೆ ಷೇರು ಎಷ್ಟು ಅಂತ ಕೇಳುತ್ತಾರೆ, ಅಲ್ವಾ? ಅದೂ ಅಲ್ಲದೆ ಇಂಗ್ಲಿಷಿನವರೇ ಆ ಪದವನ್ನು ಎರಡು ಅರ್ಥದಲ್ಲಿ ಬಳಸುತ್ತಾರೆ.

ಒಂದು, ಉಪಗ್ರಹಗಳನ್ನು ಕೂಡಿಸುವ ಡಾಕಿಂಗ್‌ನವರ ಅರ್ಥ. ಎದುರಿನ ಉಪಗ್ರಹ ಲೇಸರ್ ಬೆಳಕನ್ನು ವಾಪಸ್ ಕಳಿಸುವ ಕನ್ನಡಿ ಇಟ್ಟುಕೊಂಡಿದೆ, ರೇಡಿಯೋದಲ್ಲಿ ತಾನೆಲ್ಲಿದ್ದೇನೆ ಅಂತ ಹೇಳುತ್ತಿದೆ. ಸ್ಪೇಡೆಕ್ಸ್ ಜೋಡಿ ಹೀಗೆ. 2012ರಲ್ಲಿ ಮಾತು ನಿಲ್ಲಿಸಿ, ಸುಮಾರು 8 ಟನ್ ತೂಕ ಹೊತ್ತು ಇನ್ನೂ ಸುತ್ತುತ್ತಿರುವ ಯುರೋಪಿನ ಎನ್‌ವಿಸ್ಯಾಟ್ ಇದಕ್ಕೆ ತದ್ವಿರುದ್ಧ. ಅದನ್ನು ‘ಅಸಹಕಾರಿ’ ಅಂದರೆ ಗಾಂಧೀಜಿ ನೆನಪಾಗುತ್ತಾರೆ. ಪಾಪ, ಅದು ಚಳವಳಿ ಮಾಡುತ್ತಿಲ್ಲ. ಇಲ್ಲಿ ‘ಓಗೊಡುವ ಉಪಗ್ರಹ’, ‘ಓಗೊಡದ ಉಪಗ್ರಹ’ ಹೇಗೆ?

ಇನ್ನೊಂದು, ಜಾಲದವರ ಅರ್ಥ. ಇರಿಡಿಯಂನ ಪ್ರತಿ ಉಪಗ್ರಹ ನಾಲ್ಕು ನೆರೆಯವರ ಜೊತೆ ಮಾತಾಡುತ್ತದೆ. ತನ್ನದನ್ನು ಅವರಿಗೆ ದಾಟಿಸುತ್ತದೆ, ಅವರದನ್ನು ತಾನು ಹೊರುತ್ತದೆ. ಇದಕ್ಕೆ ನಮ್ಮ ಹೊಲಗಳಲ್ಲೇ ಪದವಿದೆ: ಮುಯ್ಯಾಳು. ಇವತ್ತು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ‘ಮುಯ್ಯಾಳು ಜಾಲ’ ಅಂತ ಬರೆಯಲು ಕೈ ತುಡಿಯುತ್ತಿದೆ.

ಆದರೆ ಇದು ಎಲ್ಲ ಕಡೆ ಕೂಡುವುದಿಲ್ಲ. ಸ್ಪೇಡೆಕ್ಸ್‌ಗಿಂತ ಕೆಲವೇ ದಿನ ಮುಂಚೆ, ಡಿಸೆಂಬರ್ 5ರಂದು, ಅದೇ ಶ್ರೀಹರಿಕೋಟಾದಿಂದ ಯುರೋಪಿನ ಪ್ರೋಬಾ-3 ಹೋಯಿತು. ಅದೂ ಜೋಡಿಯೇ. ಒಂದು ಸೂರ್ಯನಿಗೆ ಅಡ್ಡ ನಿಲ್ಲುತ್ತದೆ, 150 ಮೀಟರ್ ಹಿಂದಿನಿಂದ ಇನ್ನೊಂದು ಸೂರ್ಯನ ಪ್ರಭಾವಲಯದ ಚಿತ್ರ ತೆಗೆಯುತ್ತದೆ. ಒಂದು ಸುತ್ತಿಗೆ ಸುಮಾರು 20 ಗಂಟೆ. ಅದರಲ್ಲಿ ಭೂಮಿಯಿಂದ ದೂರವಿರುವ ಸುಮಾರು 6 ಗಂಟೆ, ಮಿಲಿಮೀಟರ್ ಲೆಕ್ಕದಲ್ಲಿ ಸಾಲು ತಪ್ಪದೆ ಹೋಗಬೇಕು. ಭೂಮಿಯ ಮೇಲೆ ಯಾವ ಶೆಡ್ಡಿನಲ್ಲಿ ಎರಡನ್ನೂ ಹಾಗೆ ತೇಲಿಬಿಟ್ಟು ಪರೀಕ್ಷೆ ಮಾಡುತ್ತೀರಿ? ಈ ಜೋಡಿಯಲ್ಲಿ ಕೊಡುಕೊಳ್ಳುವಿಕೆ ಇಲ್ಲ, ಒಂದಿಲ್ಲದೆ ಇನ್ನೊಂದಕ್ಕೆ ಆ ಕೆಲಸವೇ ಇಲ್ಲ. ಇದಕ್ಕೆ ‘ಜೋಡಿ ಹಾರಾಟ’ ಅಂತ ಹಾಕಿದ್ದೇನೆ. ಹಲವು ಉಪಗ್ರಹ ಗುಂಪಾಗಿ ಹಾರುವ ಸ್ವಾರ್ಮ್‌ಗೆ ‘ಹಿಂಡು’. ಅದರಲ್ಲಿ ತಕರಾರು ಇರಲಿಕ್ಕಿಲ್ಲ.

ಬಲ್ಲವರು ಹೇಳಬೇಕಾದದ್ದು: ಮುಯ್ಯಾಳು ಪದ ನಿಮ್ಮ ಕಡೆ ಚಾಲ್ತಿಯಲ್ಲಿದೆಯೇ? ಹಳೇ ಮೈಸೂರು, ಮಲೆನಾಡಿನ ಕಡೆ ಕೇಳಿದ್ದೇನೆ. ಬೀದರ್, ಕಲಬುರಗಿ, ವಿಜಯಪುರದ ಕಡೆ ಇದೇ ಪದ್ಧತಿಗೆ ಏನನ್ನುತ್ತಾರೆ? ‘ಮುಯ್ಯಿ ತೀರಿಸು’ ಅನ್ನುವಾಗ ಸೇಡಿನ ಅರ್ಥವೂ ಬರುತ್ತದಲ್ಲ, ಅದು ಮಕ್ಕಳ ಲೇಖನದಲ್ಲಿ ಅಡ್ಡ ಬರುತ್ತದೆಯೇ? ಕರಾವಳಿಯವರ ಪದವಿದ್ದರೆ ಅದನ್ನೂ ತಿಳಿಸಿ.