ಲ್ಯಾಬಿನಲ್ಲಿ ಚರ್ಮ ಬೆಳೆಸಿದವರು ಅನುಭವ ಹೇಳಿ

ಪಿಎಚ್.ಡಿ. ವಿದ್ಯಾರ್ಥಿನಿ, ಧಾರವಾಡ:
ಚರ್ಮದ ಪದರಗಳು ಒಂದಕ್ಕೊಂದು ಹೇಗೆ ಹಿಡಿದುಕೊಂಡಿರುತ್ತವೆ ಅನ್ನೋದು ನನ್ನ ವಿಷಯ. ಪ್ರಾಣಿಗಳ ಮೇಲೆ ಬೇಡ, ಲ್ಯಾಬಿನಲ್ಲೇ ಚರ್ಮ ಬೆಳೆಸಿ ನೋಡು ಅಂತ ಗೈಡ್ ಹೇಳಿದ್ದಾರೆ. ಹಾಕ್ಯಾಟ್ ಸೆಲ್ (ಲ್ಯಾಬಿನಲ್ಲಿ ಬೆಳೀತಾನೇ ಇರೋ ಮನುಷ್ಯರ ಮೇಲ್ಚರ್ಮದ ಸೆಲ್) ಸಾಕಾಗುತ್ತಾ? ಎಲ್ಲಿಂದ ಶುರು ಮಾಡಲಿ? ಮಾಡಿ ಗೊತ್ತಿರೋರು ದಯವಿಟ್ಟು ಹೇಳಿ.

ಸೆಲ್ ಕಲ್ಚರ್ ಲ್ಯಾಬಿನವರು, ಧಾರವಾಡ:
ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ನೀವು ನೋಡಬೇಕಾದದ್ದು ಯಾವ ಹಿಡಿತ? ಮೇಲ್ಚರ್ಮದಲ್ಲಿ ಸೆಲ್ಲಿಗೆ ಸೆಲ್ ಹಿಡಿದಿರೋದು ಗುಂಡಿಯಂಥ ಕೊಂಡಿಗಳಾದ ಡೆಸ್ಮೋಸೋಮ್‌ಗಳಿಂದ. ಮೇಲ್ಚರ್ಮ ಒಳಚರ್ಮಕ್ಕೆ ಹಿಡಿದಿರೋ ಬಗೆಯೇ ಬೇರೆ. ತಳದ ಸೆಲ್ಲಿನೊಳಗೆ ಕೆರಾಟಿನ್ 5 ಮತ್ತು 14 ಅನ್ನೋ ಪ್ರೋಟೀನ್ ಎಳೆಗಳು, ಅವನ್ನು ಸೆಲ್ಲಿನ ತಳಕ್ಕೆ ಬಿಗಿಯೋ ಹೆಮಿಡೆಸ್ಮೋಸೋಮ್, ಅಲ್ಲಿಂದ ಕೊಲಾಜನ್ 17, ಲ್ಯಾಮಿನಿನ್ 332 ಅನ್ನೋ ಪ್ರೋಟೀನುಗಳು, ಕೊನೆಗೆ ಒಳಚರ್ಮದೊಳಗೆ ಇಳಿಯೋ ಕೊಲಾಜನ್ 7. ಈ ಸರಪಳಿಯ ಯಾವ ಕೊಂಡಿ ನಿಮ್ಮದು ಅಂತ ಗೊತ್ತಾದ ಮೇಲೆ ಮಾಡೆಲ್ ಆರಿಸಿ.

ಸೆಲ್ಲಿಗೆ ಸೆಲ್ ಹಿಡಿತವಷ್ಟೇ ಆದರೆ ಹಾಕ್ಯಾಟ್ ಸಾಕು. ಪುಣೆಯ ನ್ಯಾಷನಲ್ ಸೆಂಟರ್ ಫಾರ್ ಸೆಲ್ ಸೈನ್ಸ್‌ನಲ್ಲಿ ವಿಚಾರಿಸಿ. ಪ್ಲೇಟ್ ತುಂಬ ಬೆಳೆಸಿ, ಕ್ಯಾಲ್ಸಿಯಂ ಏರಿಸಿ, ಆಮೇಲೆ ಡಿಸ್ಪೇಸ್ (ಪ್ಲೇಟಿನ ತಳದಿಂದ ಸೆಲ್ ಬಿಡಿಸೋ ಕಿಣ್ವ) ಹಾಕಿ. ಅಂಚಿನಿಂದ ಮೆಲ್ಲಗೆ ಸುರುಳಿ ಸುತ್ತುತ್ತಾ ಇಡೀ ಹಾಳೆ ಎದ್ದು ಬರುತ್ತೆ. ಅದನ್ನು ಪಿಪೆಟ್‌ನಿಂದ ಆಡಿಸಿ, ಎಷ್ಟು ತುಂಡಾಯಿತು ಎಣಿಸಿ. ತುಂಡು ಜಾಸ್ತಿ ಅಂದ್ರೆ ಹಿಡಿತ ಕಮ್ಮಿ. ಎಲ್ಲ ಪ್ಲೇಟಿಗೂ ಒಬ್ಬರದೇ ಕೈ, ಒಂದೇ ಪಿಪೆಟ್ ಇರಲಿ. ಇಲ್ಲಾಂದ್ರೆ ಆ ಅಂಕಿಗೆ ಬೆಲೆ ಇಲ್ಲ.

ಪದರಗಳ ನಡುವಿನ ಹಿಡಿತ ಆದರೆ ಹಾಕ್ಯಾಟ್ ನಂಬಿ ಕೂರಬೇಡಿ. ಪದರ ಏಳುತ್ತೆ, ಆದರೆ ನಿಜವಾದ ಮೇಲ್ಚರ್ಮದಷ್ಟು ಬಲಿಯಲ್ಲ. ಮನುಷ್ಯರ ಚರ್ಮದಿಂದಲೇ ತೆಗೆದ ಕೆರಾಟಿನೋಸೈಟ್ (ಮೇಲ್ಚರ್ಮದ ಸೆಲ್) ಬೇಕು. 1975ರಲ್ಲಿ ರೈನ್‌ವಾಲ್ಡ್ ಮತ್ತು ಗ್ರೀನ್ ಇವನ್ನು ಬೆಳೆಸೋ ದಾರಿ ತೋರಿಸಿಕೊಟ್ಟರು, ಇವತ್ತಿಗೂ ಅದೇ ಬುನಾದಿ. ಕೊಲಾಜನ್ ಜೆಲ್‌ನಲ್ಲಿ ಫೈಬ್ರೋಬ್ಲಾಸ್ಟ್ (ಒಳಚರ್ಮದ ಸೆಲ್) ಸೇರಿಸಿ, ಮೇಲೆ ಕೆರಾಟಿನೋಸೈಟ್ ಬಿತ್ತಿ, ಅವು ಹರಡಿದ ಮೇಲೆ ಮೇಲ್ಭಾಗ ಗಾಳಿಗೆ ತೆರೆದಿರೋ ಹಾಗೆ ಎತ್ತಿ. ಮೀಡಿಯಾ (ಸೆಲ್ಲಿಗೆ ಆಹಾರ ಕೊಡೋ ದ್ರವ) ಕೆಳಗಿನಿಂದ ಮಾತ್ರ ಸಿಗಬೇಕು. ಫೈಬ್ರೋಬ್ಲಾಸ್ಟ್ ಬಿಟ್ಟು ಸುಮ್ನೆ ಖಾಲಿ ಜೆಲ್ ಮೇಲೆ ಬೆಳೆಸಿದರೆ ಮೇಲ್ಚರ್ಮ, ಒಳಚರ್ಮಗಳ ನಡುವಿನ ಪೊರೆ ಸರಿಯಾಗಿ ಕೂಡಲ್ಲ. ನಿಮ್ಮ ವಿಷಯಕ್ಕೆ ಆ ಪೊರೆಯೇ ಜೀವ. ವಿಟಮಿನ್ ಸಿ ಇಲ್ಲದೆ ಕೊಲಾಜನ್ ಗಟ್ಟಿಯಾಗಲ್ಲ, ಆದರೆ ಆ ವಿಟಮಿನ್ ಮೀಡಿಯಾದಲ್ಲಿ ಬೇಗ ಹಾಳಾಗುತ್ತೆ. ಹಾಗಾಗಿ ಪ್ರತಿ ಸಲ ಮೀಡಿಯಾ ಬದಲಿಸುವಾಗ ಹೊಸದಾಗಿ ಹಾಕಿ. ಸೆಲ್ ತೆಗೆದುಹಾಕಿದ ಒಳಚರ್ಮದ ಮೇಲೂ ಬೆಳೆಸಬಹುದು, ಹಿಡಿತ ಚೆನ್ನಾಗಿ ಬರುತ್ತೆ. ಆದರೆ ಅದರಲ್ಲಿ ಹಳೇ ಪೊರೆ ಉಳಿದಿರಬಹುದು. ಪೊರೆ ಹೊಸದಾಗಿ ಹೇಗೆ ಕಟ್ಟುತ್ತೆ ಅನ್ನೋದು ನಿಮ್ಮ ಪ್ರಶ್ನೆ ಆದರೆ ಅದು ಬೇಡ.

ಇನ್ನು ನಮ್ಮೂರಿನ ಮಾತು. ಧಾರವಾಡದ ಮಳೆಗಾಲದಲ್ಲಿ ಫಂಗಸ್ ಕಾಟ ವಿಪರೀತ. ಗಾಳಿಗೆ ಎತ್ತಿದ ಕಲ್ಚರ್ ವಾರಗಟ್ಟಲೆ ಇನ್‌ಕ್ಯುಬೇಟರ್‌ನಲ್ಲಿ ಇರಬೇಕಲ್ವಾ, ಮೊದಲನೇದು ದಸರಾ ಕಳೆದ ಮೇಲೆ ಹಾಕಿ. ಇನ್‌ಕ್ಯುಬೇಟರ್ ಯುಪಿಎಸ್ ಮೇಲಿದೆಯಾ ಅಂತ ಇವತ್ತೇ ನೋಡಿ.

ಚರ್ಮರೋಗ ವೈದ್ಯರು, ಹುಬ್ಬಳ್ಳಿ:
ಆಪರೇಷನ್‌ನಲ್ಲಿ ತೆಗೆದ ಚರ್ಮ ಇಲ್ಲಿಂದ ಸಿಗಬಹುದು, ಸುನ್ನತಿಯದಂತೂ ಈ ಕೆಲಸಕ್ಕೆ ಬಹಳ ಒಳ್ಳೆಯದು. ಆದರೆ ಎಥಿಕ್ಸ್ ಕಮಿಟಿ ಒಪ್ಪಿಗೆ, ಮನೆಯವರ ಸಹಿ ಎರಡೂ ಮೊದಲು ಆಗಬೇಕು. ಆ್ಯಂಟಿಬಯೋಟಿಕ್ ಹಾಕಿದ ಮೀಡಿಯಾದಲ್ಲಿ ಐಸ್ ಬಾಕ್ಸಿನಲ್ಲಿಟ್ಟರೆ ಧಾರವಾಡ ಏನೂ ದೂರ ಅಲ್ಲ.

ಮೇಲಿನವರು ಹೇಳದ ಒಂದು ಮಾತು. ಪದರ ಬಿಟ್ಟುಕೊಂಡಿದೆ ಅಂದ ಮಾತ್ರಕ್ಕೆ ಹಿಡಿತ ಸೋತಿದೆ ಅಂತಲ್ಲ, ಸ್ಲೈಸ್ ಕೊಯ್ಯುವಾಗಲೂ ಹರಿಯುತ್ತೆ. ಎಲ್ಲಿ ಬಿಟ್ಟಿದೆ ಅಂತ ನೋಡಿ. ಎಪಿಡರ್ಮೋಲಿಸಿಸ್ ಬುಲ್ಲೋಸಾ (ಸ್ವಲ್ಪ ಉಜ್ಜಿದರೂ ಚರ್ಮದಲ್ಲಿ ಗುಳ್ಳೆ ಏಳೋ ಹುಟ್ಟು ಕಾಯಿಲೆ) ಇರೋ ಮಕ್ಕಳ ಗುಳ್ಳೆಯನ್ನು ನಾವು ಪರೀಕ್ಷಿಸೋದೂ ಹೀಗೇ. ಪೊರೆಯಲ್ಲಿರೋ ಕೊಲಾಜನ್ 4ಕ್ಕೆ ಬಣ್ಣ ಹಾಕಿದಾಗ ಅದು ಗುಳ್ಳೆಯ ತಳದಲ್ಲಿ ಕಂಡರೆ ಬಿರುಕು ಪೊರೆಗಿಂತ ಮೇಲೆ, ಚಾವಣಿಯಲ್ಲಿ ಕಂಡರೆ ಪೊರೆಗಿಂತ ಕೆಳಗೆ. ಹೋಲಿಕೆಗೆ ಒಂದು ಮೋಲಾರ್ ಉಪ್ಪು ನೀರಿನಲ್ಲಿ ಪದರ ಬಿಡಿಸಿದ ಮಾಮೂಲಿ ಚರ್ಮ ಪಕ್ಕದಲ್ಲೇ ಇಟ್ಟುಕೊಳ್ಳಿ. ಅದರಲ್ಲಿ ಕೊಲಾಜನ್ 17 ಮೇಲೆ, ಕೊಲಾಜನ್ 4 ಕೆಳಗೆ ಸಿಗಬೇಕು.

ಈ ಕೆಲಸ ಬರೀ ಪೇಪರ್‌ಗಲ್ಲ. ಜರ್ಮನಿಯಲ್ಲಿ ಇದೇ ಕಾಯಿಲೆಯ 7 ವರ್ಷದ ಹುಡುಗನೊಬ್ಬನಿಗೆ ಅವನದೇ ಸೆಲ್ಲಿಗೆ ಸರಿಯಾದ ಲ್ಯಾಮಿನಿನ್ 332 ಜೀನ್ ಸೇರಿಸಿ, ಲ್ಯಾಬಿನಲ್ಲಿ ಮೇಲ್ಚರ್ಮ ಬೆಳೆಸಿ, ಮೈಯ ಸುಮಾರು 80% ಭಾಗಕ್ಕೆ ಹಾಕಿದರು. 2017ರಲ್ಲಿ ಅದರ ವರದಿ ಬಂತು.

ತಾಯಿ, ಗದಗ:
ನನ್ನ ಮಗಳಿಗೆ ಇದೇ ಕಾಯಿಲೆ, ಕೊಲಾಜನ್ 7ರದ್ದು. ಅಂಗಿಯ ಹೊಲಿಗೆ ಉಜ್ಜಿದರೂ ಗುಳ್ಳೆ ಏಳುತ್ತೆ, ಅದಕ್ಕೆ ಅಂಗಿ ತಿರುವಿ ಹಾಕುತ್ತೇನೆ. ಬ್ಯಾಂಡೇಜ್ ನೆನೆಸದೆ ಬಿಚ್ಚೋದೇ ಇಲ್ಲ. ತಂಗಿ, ಒಂದು ಕೇಳಿಕೆ. ನೀವು ಬೆಳೆಸೋ ಚರ್ಮದ ಮೇಲೆ ಬೇರೆ ಬೇರೆ ಪಟ್ಟಿ ಅಂಟಿಸಿ, ಕಿತ್ತು ನೋಡೋಕಾಗುತ್ತಾ? ಯಾವುದು ಕಮ್ಮಿ ಹರಿಯುತ್ತೆ ಅಂತ ನಮಗೆ ಯಾರೂ ಹೇಳಲ್ಲ.

ಸೆಲ್ ಕಲ್ಚರ್ ಲ್ಯಾಬಿನವರು, ಧಾರವಾಡ:
ಆಗುತ್ತೆ ಅಕ್ಕಾ. ಮಾಮೂಲಿ ಚರ್ಮದಲ್ಲಿ ಪಟ್ಟಿ ಕಿತ್ತರೆ ಮೇಲಿನ ಒಣ ಪದರವಷ್ಟೇ ಬರುತ್ತೆ. ಹಾಗಾಗಿ ಕೊಲಾಜನ್ 7 ಇಲ್ಲದ ಸೆಲ್ಲಿನಿಂದ ಬೆಳೆಸಿದ ಚರ್ಮದ ಮೇಲೆ ಮಾಡಬೇಕು. ಒಂದೇ ಅಳತೆಯ ಪಟ್ಟಿ, ಒಂದೇ ಕೋನ, ಒಂದೇ ವೇಗ. ಪಿಎಚ್.ಡಿ. ಮೇಡಂ, ಇದನ್ನು ನಿಮ್ಮ ಪ್ಲಾನಿನಲ್ಲಿ ಸೇರಿಸಿಕೊಳ್ಳಿ. ಎಳೆಯೋ ಬಲ ಅಳೆಯಲು ಮೆಕ್ಯಾನಿಕಲ್‌ನವರ ಸಹಾಯ ಬೇಕಾಗುತ್ತೆ, ನಾನು ಮಾತಾಡಿ ಕೊಡುತ್ತೇನೆ.